ಸಮುದ್ರವನ್ನೇ ಎಳೆಯುವ ಚಂದ್ರ ನಮ್ಮನ್ನು ಬಿಡುತ್ತಾನಾ?

ಪ್ರಶ್ನೆ: ನಮ್ಮ ತಾಯಿಗೆ 62 ವರ್ಷ. ಹತ್ತು ವರ್ಷದಿಂದ ದಮ್ಮು ಇದೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಬಂದರೆ ಉಸಿರಾಟದ ತೊಂದರೆ ಜಾಸ್ತಿಯಾಗುತ್ತದೆ ಅಂತ ಮನೆಯಲ್ಲಿ ಎಲ್ಲರೂ ನಂಬಿದ್ದಾರೆ. ಕಳೆದ ತಿಂಗಳು ತುಂಬಾ ಕಷ್ಟವಾದಾಗಲೂ ‘ಅಮಾವಾಸ್ಯೆ ಕಳೆದರೆ ಸರಿಹೋಗುತ್ತೆ’ ಅಂತ ಎರಡು ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಲಿಲ್ಲ. ನಾನು ಜಗಳ ತೆಗೆದಾಗ ಅಣ್ಣ ಕೇಳಿದ್ದು ಇಷ್ಟು: ‘ಅಷ್ಟು ದೊಡ್ಡ ಸಮುದ್ರವನ್ನೇ ಎಳೆಯುವ ಚಂದ್ರ, ಮೈಯಲ್ಲಿ ಮುಕ್ಕಾಲು ಪಾಲು ನೀರೇ ಇರುವ ಮನುಷ್ಯನನ್ನು ಬಿಡುತ್ತಾನಾ?’ ನನಗೆ ಉತ್ತರ ತೋಚಲಿಲ್ಲ. ಚಂದ್ರನ ಗುರುತ್ವ ನಿಜಕ್ಕೂ ನಮ್ಮ ದೇಹದ ಮೇಲೆ ಪರಿಣಾಮ ಮಾಡುತ್ತದಾ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ತಾಯಿಯ ವಿಷಯ ಹೇಳಿಬಿಡುತ್ತೇನೆ. ಉಸಿರು ಸಿಗದೆ ಒದ್ದಾಡುವಾಗ ತಿಥಿ ನೋಡಬೇಡಿ. ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಷ್ಟು ಏದುಸಿರು ಬಂದರೆ, ತುಟಿ ಅಥವಾ ಉಗುರು ನೀಲಿಗಟ್ಟಿದರೆ, ಇನ್‌ಹೇಲರ್ ಎಳೆದುಕೊಂಡ ಮೇಲೂ ಹಗುರಾಗದಿದ್ದರೆ, ಅಮಾವಾಸ್ಯೆಯ ನಡುರಾತ್ರಿಯಾದರೂ ಸರಿ, ತಕ್ಷಣ 108ಕ್ಕೆ ಫೋನ್ ಮಾಡಿ. ದಮ್ಮಿನಲ್ಲಿ ಎರಡು ದಿನ ಕಾಯುವುದು ಸಣ್ಣ ಮಾತಲ್ಲ. ನಾನು ಡಾಕ್ಟರ್ ಅಲ್ಲ. ಆದರೆ ಇದನ್ನು ಹೇಳದೆ ಮುಂದಿನ ಲೆಕ್ಕಾಚಾರಕ್ಕೆ ಹೋಗಲು ಮನಸ್ಸು ಬರುವುದಿಲ್ಲ.

ಇನ್ನು ನಿಮ್ಮ ಅಣ್ಣನ ಪ್ರಶ್ನೆ. ಅದು ಒಳ್ಳೆಯ ಪ್ರಶ್ನೆ. ಅದನ್ನು ‘ಮೂಢನಂಬಿಕೆ’ ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕಿದರೆ ತಪ್ಪಾಗುತ್ತದೆ. ಯಾಕಂದರೆ ಚಂದ್ರ ನಮ್ಮನ್ನು ಎಳೆಯುವುದು ನಿಜ. ಆ ಎಳೆತವನ್ನು ನಾನು ಕಣ್ಣಾರೆ ನೋಡಿದ್ದೇನೆ.

ನನ್ನ ಕೆಲಸ ಗ್ರಾವಿಟಿ ಸರ್ವೆ. ನೆಲದಡಿಯಲ್ಲಿ ಭಾರದ ಬಂಡೆಯೋ ಅದಿರೋ ಇದ್ದರೆ, ಅದರ ಮೇಲೆ ನಿಂತಾಗ ಭೂಮಿಯ ಸೆಳೆತ ಒಂದು ಕೂದಲೆಳೆಯಷ್ಟು ಜಾಸ್ತಿ ಇರುತ್ತದೆ. ಅದನ್ನು ಅಳೆಯಲು ಗ್ರಾವಿಟಿ ಮೀಟರ್ ಅಂತ ಒಂದು ಪೆಟ್ಟಿಗೆ. ಒಳಗೆ ಒಂದು ಸ್ಪ್ರಿಂಗು, ಅದಕ್ಕೆ ಜೋತುಬಿದ್ದ ಪುಟ್ಟ ತೂಕ. ಸೆಳೆತ ಹೆಚ್ಚಾದರೆ ಸ್ಪ್ರಿಂಗು ಚೂರು ಜಗ್ಗುತ್ತದೆ, ಕಡಿಮೆಯಾದರೆ ಮೇಲೇಳುತ್ತದೆ. ಈ ಮೀಟರಿನದು ಒಂದು ಕಾಟ. ಪೆಟ್ಟಿಗೆಯನ್ನು ಒಂದೇ ಕಲ್ಲಿನ ಮೇಲೆ ಇಟ್ಟಿದ್ದರೂ ಬೆಳಿಗ್ಗೆ ತೋರಿಸಿದ ಅಂಕಿಯನ್ನು ಮಧ್ಯಾಹ್ನ ತೋರಿಸುವುದಿಲ್ಲ. ಸ್ಪ್ರಿಂಗು ನಿಧಾನಕ್ಕೆ ಸಡಿಲವಾಗುವುದು ಒಂದು ಕಾರಣ. ಇನ್ನೊಂದು ಕಾರಣ ಚಂದ್ರ ಮತ್ತು ಸೂರ್ಯ. ಹಾಗಾಗಿ ನಮ್ಮ ಲೆಕ್ಕದ ಪುಸ್ತಕದಲ್ಲಿ ‘ಟೈಡ್ ಕರೆಕ್ಷನ್’ ಅಂತ ಒಂದು ಕಾಲಂ ಇದ್ದೇ ಇರುತ್ತದೆ. ಸಮುದ್ರದ ಉಬ್ಬರಕ್ಕೆ ಹಚ್ಚುವ ಲೆಕ್ಕವನ್ನೇ ಬಯಲುಸೀಮೆಯ ಒಣ ನೆಲದಲ್ಲೂ ಹಚ್ಚಬೇಕು.

ಒಮ್ಮೆ ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿ ಬೀಡು ಬಿಟ್ಟಿದ್ದೆವು. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರಿಗೆ ತೋರಿಸೋಣ ಅಂತ ಒಂದು ಹುಣ್ಣಿಮೆಯ ಸಂಜೆ ಮೀಟರನ್ನು ತರಗತಿಯ ಕಲ್ಲುಚಪ್ಪಡಿಯ ಮೇಲೆ ಇಟ್ಟೆ. ಗುಳ್ಳೆ ನೋಡಿ ಮಟ್ಟ ಮಾಡಿ, ಅರ್ಧ ಗಂಟೆಗೊಮ್ಮೆ ಓದಿ ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಡುತ್ತಾ ಹೋದೆವು. ಚಂದ್ರ ಪೂರ್ವದಲ್ಲಿ ಎದ್ದಾಗ ಅಂಕಿ ಮೇಲಿತ್ತು. ಅವನು ಏರಿದಂತೆ ಚುಕ್ಕಿಗಳು ಇಳಿಯತೊಡಗಿದವು. ನಡುರಾತ್ರಿ ಅವನು ನೆತ್ತಿಗೆ ಬಂದಾಗ ತಳ ಮುಟ್ಟಿದವು. ಬೆಳಗಿನ ಜಾವ ಮತ್ತೆ ಹತ್ತಿಕೊಂಡು ಬಂದವು. ಚುಕ್ಕಿಗಳನ್ನು ಸೇರಿಸಿದರೆ ಹಾಳೆಯ ಮೇಲೆ ಒಂದು ಬಟ್ಟಲಿನ ಆಕಾರ ಮೂಡಿತ್ತು.

ಶಾಲೆ ಕಾಯುವ ಅಜ್ಜ ರಾತ್ರಿಯಿಡೀ ಕಂಬಳಿ ಹೊದ್ದು ಪಕ್ಕದಲ್ಲೇ ಕೂತಿದ್ದ. ಕೊನೆಗೆ ಕೇಳಿದ, ‘ಹಂಗಾರೆ ಚಂದ್ರ ನಮ್ಮನ್ನೂ ಎಳೀತಾನೆ ಅನ್ರಿ.’ ಎಳೀತಾನೆ ಅಜ್ಜ ಅಂದೆ. ‘ಎಷ್ಟು?’ ಅಂದ. ನಾನು ಮೀಟರನ್ನು ನೆಲದಿಂದ ಎತ್ತಿ ಮೇಷ್ಟ್ರ ಮೇಜಿನ ಮೇಲೆ ಇಟ್ಟೆ. ಮಟ್ಟ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಓದಿದೆ. ಚಂದ್ರ, ಸೂರ್ಯ ಇಬ್ಬರೂ ಸೇರಿ ರಾತ್ರಿಯಿಡೀ ಮಾಡಿದ ಇಳಿತ ಎಷ್ಟಿತ್ತೋ ಹತ್ತಿರಹತ್ತಿರ ಅಷ್ಟೇ ಇಳಿತ ಆ ಮುಕ್ಕಾಲು ಮೀಟರ್ ಎತ್ತರಕ್ಕೇ ಬಂದಿತ್ತು. ಭೂಮಿಯಿಂದ ದೂರ ಹೋದಷ್ಟೂ ಅದರ ಸೆಳೆತ ಕಡಿಮೆಯಾಗುತ್ತದೆ, ಅದಕ್ಕೆ. ‘ಇಷ್ಟು ಅಜ್ಜ’ ಅಂದೆ. ಅಜ್ಜ ನೆಲ ನೋಡಿದ, ಮೇಜು ನೋಡಿದ, ನಕ್ಕು ಎದ್ದು ಹೋದ.

ನಿಮ್ಮ ಅಣ್ಣನಿಗೂ ನಾನು ಹೇಳುವುದು ಅದನ್ನೇ. ಈಗ ಅಂಕಿಗಳನ್ನು ನೋಡೋಣ.

ಚಂದ್ರ ನಮ್ಮಿಂದ ಸರಾಸರಿ 3,84,400 ಕಿ.ಮೀ. ದೂರದಲ್ಲಿದ್ದಾನೆ. ಅಷ್ಟು ದೂರದಿಂದ ಅವನ ಸೆಳೆತ ಭೂಮಿಯ ಸೆಳೆತದ ಸುಮಾರು ಮೂರು ಲಕ್ಷದಲ್ಲಿ ಒಂದು ಪಾಲು. 60 ಕೆ.ಜಿ. ತೂಕದ ವ್ಯಕ್ತಿಗೆ ಲೆಕ್ಕ ಹಾಕಿದರೆ 0.2 ಗ್ರಾಂ, ಅಂದರೆ ಎಂಟು ಹತ್ತು ಅಕ್ಕಿಕಾಳಿನ ತೂಕ. ಆದರೆ ಅದೂ ಪೂರ್ತಿ ನಮಗೆ ತಟ್ಟುವುದಿಲ್ಲ. ಯಾಕಂದರೆ ಚಂದ್ರ ನಿಮ್ಮನ್ನು ಎಳೆಯುವಾಗ ನಿಮ್ಮ ಕಾಲಡಿಯ ಭೂಮಿಯನ್ನೂ ಹೆಚ್ಚುಕಡಿಮೆ ಅಷ್ಟೇ ಎಳೆಯುತ್ತಾನೆ. ಇಬ್ಬರೂ ಒಟ್ಟಿಗೆ ಸರಿಯುತ್ತೀರಿ. ಬಾಹ್ಯಾಕಾಶ ನಿಲ್ದಾಣದಲ್ಲಿ ಇರುವವರು ತೇಲುವುದೂ ಇದೇ ಕಾರಣಕ್ಕೆ. ಅಲ್ಲಿ ಭೂಮಿಯ ಗುರುತ್ವ ಇಲ್ಲದೆ ಅಲ್ಲ. ಅವರೂ ನಿಲ್ದಾಣವೂ ಒಟ್ಟಿಗೆ ಬೀಳುತ್ತಿರುವುದರಿಂದ ಭಾರ ಗೊತ್ತಾಗುವುದಿಲ್ಲ. ಇದು ಮನಸ್ಸಿಗೆ ಇಳಿಯದಿದ್ದರೆ ಸೂರ್ಯನನ್ನು ನೆನೆಸಿಕೊಳ್ಳಿ. ಚಂದ್ರನಿಗಿಂತ ಸುಮಾರು 180 ಪಟ್ಟು ಜಾಸ್ತಿ ಬಲದಿಂದ ಸೂರ್ಯ ನಿಮ್ಮನ್ನು ಈಗಲೂ ಎಳೆಯುತ್ತಿದ್ದಾನೆ. ಮೈಗೆ ಏನಾದರೂ ಗೊತ್ತಾಗುತ್ತಿದೆಯಾ?

ಹಾಗಾದರೆ ನಮಗೆ ಉಳಿಯುವುದು ಏನು? ವ್ಯತ್ಯಾಸ ಮಾತ್ರ. ಚಂದ್ರನ ಕಡೆಗಿರುವ ನೆಲದ ಮೇಲೆ ಸೆಳೆತ ಚೂರು ಜಾಸ್ತಿ, ಭೂಮಿಯ ನಡುವಿನಲ್ಲಿ ಚೂರು ಕಡಿಮೆ. ಆ ವ್ಯತ್ಯಾಸಕ್ಕೇ ಉಬ್ಬರದ ಬಲ ಅನ್ನುತ್ತೇವೆ. ಸಮುದ್ರವನ್ನು ಏರಿಸುವುದು ಅದು. ನನ್ನ ಮೀಟರ್ ಹಿಡಿದದ್ದೂ ಅದನ್ನೇ. ಚಂದ್ರ ನೆತ್ತಿಯ ಮೇಲೆ ಬಂದಾಗ 60 ಕೆ.ಜಿ. ವ್ಯಕ್ತಿಯ ತೂಕ ಆ ಬಲದಿಂದ ಸುಮಾರು 7 ಮಿಲಿಗ್ರಾಂ ಕಡಿಮೆಯಾಗುತ್ತದೆ. ಒಂದು ಅಕ್ಕಿಕಾಳನ್ನು ಮೂರು ಪಾಲು ಮಾಡಿ ಅದರಲ್ಲಿ ಒಂದು ಪಾಲು ತೆಗೆದುಕೊಳ್ಳಿ, ಅಷ್ಟು. ಮನೆಯ ಮೆಟ್ಟಿಲಲ್ಲಿ ಎರಡು ಮೆಟ್ಟಿಲು ಹತ್ತಿದರೆ ತೂಕ ಅಷ್ಟೇ ಕಡಿಮೆಯಾಗುತ್ತದೆ. ಮಂಗಳೂರಿನಿಂದ ಬೆಂಗಳೂರಿಗೆ ಘಾಟಿ ಹತ್ತಿ ಬಂದವರ ತೂಕ ಸುಮಾರು 10 ಗ್ರಾಂ ಇಳಿದಿರುತ್ತದೆ. ಚಂದ್ರ ಮಾಡುವುದಕ್ಕಿಂತ ಸಾವಿರ ಪಟ್ಟಿಗೂ ಜಾಸ್ತಿ ಅದು. ಆ ಕಾರಣಕ್ಕೆ ಯಾರಿಗಾದರೂ ದಮ್ಮು ಏರಿದ್ದು, ತಲೆ ಕೆಟ್ಟಿದ್ದು ಕೇಳಿದ್ದೀರಾ?

ಇನ್ನೊಂದು ಮಾತು. ಈ 7 ಮಿಲಿಗ್ರಾಂ ಬರೀ ಹುಣ್ಣಿಮೆ, ಅಮಾವಾಸ್ಯೆಯ ಬಾಬ್ತು ಅಲ್ಲ. ಚಂದ್ರ ದಿನಾ ಒಮ್ಮೆ ಮೇಲಿನಿಂದ, ಒಮ್ಮೆ ಕಾಲಡಿಯಿಂದ ಹಾದುಹೋಗುತ್ತಾನೆ. ಎರಡು ಸಲವೂ ಇದೇ ಪರಿಣಾಮ. ಪಂಚಮಿಗೂ ಉಂಟು, ಅಷ್ಟಮಿಗೂ ಉಂಟು. ಅಮಾವಾಸ್ಯೆ, ಹುಣ್ಣಿಮೆಯ ವಿಶೇಷ ಏನೆಂದರೆ ಅವತ್ತು ಸೂರ್ಯನೂ ಅದೇ ಸಾಲಿಗೆ ಬಂದು ಕೈಜೋಡಿಸುತ್ತಾನೆ. ಸೂರ್ಯನ ಉಬ್ಬರದ ಬಲ ಚಂದ್ರನದರ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಅಂದರೆ ಅಮಾವಾಸ್ಯೆಯ ದಿನ ನಿಮ್ಮ ತಾಯಿಯ ಮೈಗೆ ಹೊಸದಾಗಿ ಸೇರುವುದು ಸುಮಾರು 3 ಮಿಲಿಗ್ರಾಂ. ಹೆರಿಗೆ, ದಮ್ಮು, ಹುಚ್ಚು, ಕೀಲುನೋವು ಎಲ್ಲದಕ್ಕೂ ಜವಾಬ್ದಾರಿ ಹೊರಿಸಿರುವುದು ಈ 3 ಮಿಲಿಗ್ರಾಂ ಮೇಲೆ.

‘ಸರಿ, ಅಷ್ಟು ಪುಟ್ಟ ಬಲ ಸಮುದ್ರವನ್ನು ಹೇಗೆ ಏರಿಸಿತು?’ ಅಂತ ಅಣ್ಣ ಕೇಳಿಯೇ ಕೇಳುತ್ತಾರೆ. ಇಡೀ ವಿಷಯದ ಗಂಟು ಇರುವುದು ಇಲ್ಲೇ. ಚಂದ್ರ ನೀರನ್ನು ಬಾವಿಯಿಂದ ಕೊಡ ಸೇದಿದ ಹಾಗೆ ಮೇಲಕ್ಕೆ ಎತ್ತುವುದಿಲ್ಲ. ಅದಕ್ಕೆ ಬೇಕಾದ ಬಲ ಅವನಲ್ಲಿ ಇಲ್ಲ. ಅವನು ಮಾಡುವುದು ಪಕ್ಕಕ್ಕೆ ಜರುಗಿಸುವ ಕೆಲಸ. ಸಾವಿರಾರು ಕಿ.ಮೀ. ಹರಡಿಕೊಂಡ ನೀರು ಎಲ್ಲ ಕಡೆಯಿಂದಲೂ ಒಂದಿಷ್ಟಿಷ್ಟು ಒಂದೇ ದಿಕ್ಕಿಗೆ ಜರುಗುತ್ತದೆ.

ತೇರಿನ ದಿನ ರಥಬೀದಿಯಲ್ಲಿ ನಿಂತಿದ್ದೀರಾ? ಹಿಂದಿನಿಂದ ಪ್ರತಿಯೊಬ್ಬರೂ ಬರೀ ಅರ್ಧ ಹೆಜ್ಜೆ ಮುಂದೆ ಸರಿಯುತ್ತಾರೆ. ಯಾರೂ ಯಾರನ್ನೂ ತಳ್ಳಿರುವುದಿಲ್ಲ. ಆದರೆ ಮುಂದೆ ಗೋಡೆ ಪಕ್ಕ ನಿಂತವರಿಗೆ ಉಸಿರು ಕಟ್ಟುತ್ತದೆ. ಅದೇ ಅರ್ಧ ಹೆಜ್ಜೆಯನ್ನು ನಿಮ್ಮ ಮನೆ ಪಡಸಾಲೆಯಲ್ಲಿ ನಾಲ್ಕು ಜನ ಇಟ್ಟರೆ ಏನೂ ಆಗುವುದಿಲ್ಲ. ಸಮುದ್ರ ಆ ಜಾತ್ರೆ. ನಮ್ಮ ದೇಹ ಪಡಸಾಲೆಯೂ ಅಲ್ಲ, ಅದಕ್ಕಿಂತ ಎಷ್ಟೋ ಸಣ್ಣದು.

ಅದಕ್ಕೇ ನೀರಿನ ಹರವು, ದಡದ ಆಕಾರ ಇವೆರಡರ ಮೇಲೆ ಉಬ್ಬರ ನಿಂತಿದೆ. ಮಂಗಳೂರಿನ ಕಡಲಲ್ಲಿ ಉಬ್ಬರ ಇಳಿತದ ನಡುವೆ ಒಂದೂವರೆ ಮೀಟರ್ ಆಸುಪಾಸು ವ್ಯತ್ಯಾಸ. ಅದೇ ಅರಬ್ಬಿ ಸಮುದ್ರ ಗುಜರಾತಿನ ಖಂಭಾತ್ ಕೊಲ್ಲಿಯೊಳಗೆ ನುಗ್ಗಿದಾಗ, ಆಲಿಕೆಯ ಬಾಯಿಯಂಥ ಕೊಲ್ಲಿ ಇಕ್ಕಟ್ಟಾಗುತ್ತಾ ಹೋಗುವುದರಿಂದ, ಭಾವನಗರದಲ್ಲಿ 10 ಮೀಟರ್‌ವರೆಗೂ ಏರುತ್ತದೆ. ಚಂದ್ರ ಅವನೇ, ಕಡಲೂ ಅದೇ. ಉತ್ತರ ಅಮೆರಿಕದ ಮಹಾಸರೋವರಗಳು ನೋಡಲು ಕಡಲಿನ ಹಾಗೇ ಇವೆ, ಆಚೆ ದಡ ಕಾಣುವುದಿಲ್ಲ. ಆದರೂ ಅಲ್ಲಿ ಚಂದ್ರ ಮಾಡುವ ಉಬ್ಬರ 5 ಸೆಂ.ಮೀ. ಕೂಡ ಇಲ್ಲ. ನೂರಾರು ಕಿ.ಮೀ. ಉದ್ದದ ಸರೋವರಕ್ಕೇ ಇಷ್ಟಾದರೆ, ಬಚ್ಚಲಿನ ಹಂಡೆಗೆ ಎಷ್ಟು? ಒಂದೂವರೆ ಮೀಟರ್ ಎತ್ತರದ ದೇಹಕ್ಕೆ ಎಷ್ಟು?

ಆ ಕೊನೆಯ ಪ್ರಶ್ನೆಗೆ ಲೆಕ್ಕ ಹಾಕಬಹುದು. ನೀವು ನಿಂತಿರುವಾಗ ನಿಮ್ಮ ತಲೆಗೂ ಪಾದಕ್ಕೂ ನಡುವೆ ಭೂಮಿಯ ಸೆಳೆತದಲ್ಲೇ ಒಂದು ವ್ಯತ್ಯಾಸ ಇದೆ. ಪಾದ ಭೂಮಿಗೆ ಹತ್ತಿರ, ತಲೆ ದೂರ. ಅದೇ ತಲೆ-ಪಾದಗಳ ನಡುವೆ ಚಂದ್ರ ಮಾಡುವ ವ್ಯತ್ಯಾಸಕ್ಕಿಂತ ಇದು ಸುಮಾರು 1.8 ಕೋಟಿ ಪಟ್ಟು ಜಾಸ್ತಿ. ಇನ್ನೂ ಹತ್ತಿರದ ಉದಾಹರಣೆ ಬೇಕಾ? ಉಬ್ಬರದ ಬಲ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ. ದೂರ ಎರಡು ಪಟ್ಟಾದರೆ ಬಲ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಈ ಲೆಕ್ಕದಲ್ಲಿ, ದೇಹದ ಎರಡು ಭಾಗಗಳ ನಡುವೆ ಚಂದ್ರ ಉಂಟುಮಾಡುವ ಎಳೆದಾಟವನ್ನು ಒಂದು ಮೀಟರ್ ದೂರದಲ್ಲಿಟ್ಟ 1.3 ಗ್ರಾಂನ ವಸ್ತುವೂ ಉಂಟುಮಾಡುತ್ತದೆ. ಮೇಜಿನ ಮೇಲಿನ ಒಂದು ರೂಪಾಯಿ ನಾಣ್ಯ 3 ಗ್ರಾಂಗೂ ಹೆಚ್ಚು ತೂಗುತ್ತದೆ. ಅಮಾವಾಸ್ಯೆಗೆ ಬಾಗಿಲಿಗೆ ಕಟ್ಟುವ ನಾಲ್ಕು ಕೆ.ಜಿ.ಯ ಬೂದುಗುಂಬಳದಿಂದ ಒಂದು ಮೀಟರ್ ದೂರ ನಿಂತರೆ, ಅದು ಚಂದ್ರನಿಗಿಂತ ಮೂರು ಸಾವಿರ ಪಟ್ಟು ಜಾಸ್ತಿ ಎಳೆದಾಡುತ್ತದೆ. ಮೊದಲ ಸಲ ಈ ಲೆಕ್ಕ ಹಾಕಿದಾಗ ನಾನೇ ನಂಬದೆ ಮತ್ತೆರಡು ಸಲ ಹಾಕಿ ನೋಡಿದ್ದೆ.

‘ಮೈಯಲ್ಲಿ ನೀರಿದೆ’ ಅನ್ನುವ ಮಾತಿಗೂ ಉತ್ತರ ಕೊಡಬೇಕು. ದೊಡ್ಡವರ ದೇಹದಲ್ಲಿ ಸುಮಾರು ಶೇ 60 ನೀರು. ಮುಕ್ಕಾಲು ಪಾಲು ಇರುವುದು ಆಗ ತಾನೇ ಹುಟ್ಟಿದ ಕೂಸಿನಲ್ಲಿ. ಆದರೆ ಎಷ್ಟಿದ್ದರೂ ಇಲ್ಲಿ ವ್ಯತ್ಯಾಸ ಆಗುವುದಿಲ್ಲ. ಗುರುತ್ವಕ್ಕೆ ನೀರು ಬೇರೆ, ಮೂಳೆ ಬೇರೆ ಎಂಬ ಭೇದ ಇಲ್ಲ. ಒಂದು ಕೆ.ಜಿ. ನೀರನ್ನು ಎಷ್ಟು ಎಳೆಯುತ್ತದೋ ಒಂದು ಕೆ.ಜಿ. ಕಬ್ಬಿಣವನ್ನೂ ಅಷ್ಟೇ ಎಳೆಯುತ್ತದೆ. ಚಂದ್ರ ಬಂಡೆಯನ್ನೂ ಬಿಡುವುದಿಲ್ಲ. ನಾವು ನಿಂತ ಗಟ್ಟಿ ನೆಲವೇ ದಿನಕ್ಕೆ ಎರಡು ಸಲ ಉಬ್ಬಿ ಇಳಿಯುತ್ತದೆ. ಸಮಭಾಜಕದ ಹತ್ತಿರದ ಊರುಗಳಲ್ಲಿ ಅದು ಸುಮಾರು 30 ಸೆಂ.ಮೀ. ತನಕ ಹೋಗುತ್ತದೆ. ಮನೆ, ಮರ, ರಸ್ತೆ ಎಲ್ಲವೂ ಒಟ್ಟಿಗೆ ಏಳುವುದರಿಂದ ಯಾರಿಗೂ ತಿಳಿಯುವುದಿಲ್ಲ. ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಲ್ಲಿ ನೆಲದಡಿ 27 ಕಿ.ಮೀ. ಸುತ್ತಳತೆಯ ಯಂತ್ರ ಇತ್ತು. ಅದರಲ್ಲಿ ಓಡುವ ಕಣಗಳ ಶಕ್ತಿ ದಿನದ ಹೊತ್ತಿಗೆ ತಕ್ಕಂತೆ ಏರಿಳಿಯುತ್ತಿತ್ತು. 1992ರಲ್ಲಿ ಪರೀಕ್ಷೆ ಮಾಡಿದಾಗ ಅದು ಚಂದ್ರನ ಕೆಲಸ ಅಂತ ಖಚಿತವಾಯಿತು. ಬಂಡೆ ಉಬ್ಬಿ ಇಳಿದಾಗ ಆ ಇಡೀ ಸುತ್ತು ಸುಮಾರು ಒಂದು ಮಿಲಿಮೀಟರ್ ಹಿಗ್ಗಿ ಕುಗ್ಗುತ್ತಿತ್ತು. 27 ಕಿ.ಮೀ.ಗೆ ಒಂದು ಮಿಲಿಮೀಟರ್!

ದೇಹಕ್ಕೆ ಗುರುತ್ವದ ಅರಿವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಖಂಡಿತ ಇದೆ. ಕೂತವರು ಎದ್ದು ನಿಂತ ಕೂಡಲೇ ಅರ್ಧ ಲೀಟರಿನಷ್ಟು ರಕ್ತ ಕಾಲಿನ ಕಡೆ ಇಳಿಯುತ್ತದೆ. ಹೃದಯ ಬಡಿತ ಹೆಚ್ಚಿಸಿಕೊಂಡು ಅದನ್ನು ಸರಿತೂಗಿಸುತ್ತದೆ. ತಡವಾದರೆ ಕಣ್ಣು ಕತ್ತಲೆ ಬರುತ್ತದೆ. ತಿಂಗಳುಗಟ್ಟಲೆ ಬಾಹ್ಯಾಕಾಶದಲ್ಲಿ ಇದ್ದವರ ಸೊಂಟದ ಮೂಳೆ ತಿಂಗಳಿಗೆ ಶೇ 1ಕ್ಕೂ ಹೆಚ್ಚು ಸವೆಯುತ್ತದೆ. ಮುಖ ಊದಿಕೊಳ್ಳುತ್ತದೆ. ನಮ್ಮ ಕಿವಿಯೊಳಗೆ ಸುಣ್ಣದ ಪುಟ್ಟ ಹರಳುಗಳಿವೆ, ಲಿಫ್ಟು ಹೊರಟಿದ್ದು, ನಿಂತಿದ್ದು ಅವುಗಳಿಂದಲೇ ಗೊತ್ತಾಗುವುದು. ಆದರೆ ಲಿಫ್ಟು ಹೊರಡುವಾಗಿನ ಆ ಒಂದು ಜಗ್ಗು ಚಂದ್ರನ ಉಬ್ಬರದ ಬಲಕ್ಕಿಂತ ಹೆಚ್ಚುಕಡಿಮೆ ಒಂಬತ್ತು ಲಕ್ಷ ಪಟ್ಟು ದೊಡ್ಡದು. ದಿನಾ ಹಾಸಿಗೆಯಿಂದ ಏಳುವುದನ್ನು ತಾಳಿಕೊಳ್ಳುವ ದೇಹಕ್ಕೆ ಚಂದ್ರನ ಈ ಬಲ ತಲುಪುವುದೇ ಇಲ್ಲ.

ಲೆಕ್ಕ ಬಿಡಿ, ಜನರನ್ನು ನೋಡಿ ಎಣಿಸಿದವರು ಏನನ್ನುತ್ತಾರೆ? ಎಣಿಸಿದ್ದಾರೆ, ಬೇಕಾದಷ್ಟು. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 1997ರಿಂದ 2001ರ ತನಕ ಆದ 5,64,039 ಹೆರಿಗೆಗಳನ್ನು 62 ಚಾಂದ್ರಮಾಸಗಳ ಜೊತೆ ಹೊಂದಿಸಿ ನೋಡಿದರು. ಹುಣ್ಣಿಮೆಗೆ ಜಾಸ್ತಿ ಇಲ್ಲ, ಅಮಾವಾಸ್ಯೆಗೂ ಜಾಸ್ತಿ ಇಲ್ಲ. ಮನಸ್ಸಿನ ಕಾಯಿಲೆ, ಅಪರಾಧ, ಆತ್ಮಹತ್ಯೆ ಇಂಥವುಗಳ ಬಗ್ಗೆ ಆಗಿದ್ದ 37 ಅಧ್ಯಯನಗಳನ್ನು 1985ರಲ್ಲಿ ಒಟ್ಟಿಗೆ ತೂಗಿ ನೋಡಿದಾಗ, ಚಂದ್ರನ ಕಲೆಗಳಿಂದ ವಿವರಿಸಬಹುದಾದ ಏರಿಳಿತ ಶೇಕಡಾ ಒಂದರ ನೂರನೇ ಪಾಲನ್ನೂ ಮೀರಲಿಲ್ಲ.

ಮುಟ್ಟಿನ ಚಕ್ರದ ಬಗ್ಗೆಯೂ ತುಂಬಾ ಜನ ಕೇಳುತ್ತಾರೆ. ಚಾಂದ್ರಮಾಸ ಇಪ್ಪತ್ತೊಂಬತ್ತೂವರೆ ದಿನ, ಮುಟ್ಟಿನ ಚಕ್ರವೂ ಹತ್ತಿರಹತ್ತಿರ ಅಷ್ಟೇ, ಸಂಬಂಧ ಇರಲೇಬೇಕಲ್ವಾ ಅಂತ. ಹಸು ಸಾಕಿದವರನ್ನು ಕೇಳಿ. ಅದು ಬೆದೆಗೆ ಬರುವುದು 21 ದಿನಕ್ಕೊಮ್ಮೆ. ಇಲಿಗೆ ನಾಲ್ಕೈದು ದಿನ. ನಮ್ಮ ಹತ್ತಿರದ ನೆಂಟ ಚಿಂಪಾಂಜಿಗೆ 36 ದಿನದ ಆಸುಪಾಸು. ಎಲ್ಲರ ತಲೆ ಮೇಲೂ ಇರುವುದು ಒಬ್ಬನೇ ಚಂದ್ರ. ಜರ್ಮನಿಯ ವುರ್ಟ್ಸ್‌ಬರ್ಗ್‌ನ ಸಂಶೋಧಕರು 22 ಹೆಂಗಸರು ವರ್ಷಗಟ್ಟಲೆ ಬರೆದಿಟ್ಟ ದಿನಚರಿಗಳನ್ನು ನೋಡಿ 2021ರಲ್ಲಿ ಪ್ರಕಟಿಸಿದರು. ಕೆಲವರಲ್ಲಿ ಆಗೊಮ್ಮೆ ಈಗೊಮ್ಮೆ ಚಂದ್ರನ ಜೊತೆ ತಾಳ ಕೂಡಿ, ಮತ್ತೆ ತಪ್ಪಿದ್ದು ಅವರಿಗೆ ಕಂಡಿತು. 22 ಜನ ತೀರಾ ಕಡಿಮೆ. ಅದರಿಂದ ಒಂದು ನಿಯಮ ಹೇಳಲು ಬರುವುದಿಲ್ಲ.

ನಿದ್ದೆಯ ವಿಷಯದಲ್ಲಿ ಮಾತ್ರ ನಾನು ಇಷ್ಟು ಗಟ್ಟಿಯಾಗಿ ‘ಇಲ್ಲ’ ಅನ್ನುವುದಿಲ್ಲ. 2013ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 33 ಜನರ ಹಳೆಯ ದಾಖಲೆ ತೆಗೆದು ನೋಡಿದರು. ಕಿಟಕಿ ಇಲ್ಲದ ಕೋಣೆಯಲ್ಲಿ ಮಲಗಿದವರೂ ಹುಣ್ಣಿಮೆ ಹತ್ತಿರ ಸುಮಾರು 20 ನಿಮಿಷ ಕಡಿಮೆ ನಿದ್ದೆ ಮಾಡಿದ್ದರು. ದೊಡ್ಡ ಸುದ್ದಿಯಾಯಿತು. ಮರುವರ್ಷವೇ ಮ್ಯೂನಿಕ್‌ನವರು 470 ಜನರ 2,125 ರಾತ್ರಿಗಳನ್ನು ಜಾಲಾಡಿದಾಗ ಅಂಥದ್ದೇನೂ ಸಿಗಲಿಲ್ಲ. ಆಮೇಲೆ 2021ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ ಅರ್ಜೆಂಟೀನಾದ ತೋಬಾ ಸಮುದಾಯದ ಜನರ ಕೈಗೆ ನಿದ್ದೆ ಅಳೆಯುವ ವಾಚು ಕಟ್ಟಿತು. ಕೆಲವು ಹಳ್ಳಿಗಳಲ್ಲಿ ಕರೆಂಟೇ ಇರಲಿಲ್ಲ. ಹುಣ್ಣಿಮೆಗೆ ಮುಂಚಿನ ಮೂರು ನಾಲ್ಕು ರಾತ್ರಿ ಅವರು ತಡವಾಗಿ ಮಲಗುತ್ತಿದ್ದರು, ಕಡಿಮೆ ನಿದ್ದೆ ಮಾಡುತ್ತಿದ್ದರು. ಆ ರಾತ್ರಿಗಳಲ್ಲಿ ಸಂಜೆಯಿಂದಲೇ ಬೆಳದಿಂಗಳು ಇರುತ್ತದೆ, ಮಾತುಕತೆ, ಕೆಲಸ ಮುಂದುವರಿಯುತ್ತದೆ. ನಮ್ಮ ಅಜ್ಜಿಯರೂ ಬೆಳದಿಂಗಳೂಟ ಬಡಿಸಿದ್ದು ಅಂಥ ರಾತ್ರಿಗಳಲ್ಲೇ. ವಿಚಿತ್ರ ಎಂದರೆ ಸಿಯಾಟಲ್ ನಗರದ ವಿದ್ಯಾರ್ಥಿಗಳಲ್ಲೂ ಆ ಏರಿಳಿತದ ನೆರಳು ಕಂಡಿತು. ಅದರ ಕಾರಣ ಇನ್ನೂ ಚರ್ಚೆಯಲ್ಲಿದೆ. ಹಾಗೆಯೇ ಅಮೆರಿಕದ ಒಬ್ಬ ಮನೋವೈದ್ಯರು, ಮನಸ್ಥಿತಿ ಬೇಗ ಬೇಗ ಮೇಲೆ ಕೆಳಗೆ ಆಗುವ ಬೈಪೋಲಾರ್ ಕಾಯಿಲೆಯ 17 ರೋಗಿಗಳಲ್ಲಿ ಆ ಏರಿಳಿತ ಚಂದ್ರನ ಚಕ್ರಕ್ಕೆ ಹೊಂದಿಕೊಂಡದ್ದನ್ನು ದಾಖಲಿಸಿದ್ದಾರೆ. ಇಂಥವನ್ನು ಮುಚ್ಚಿಡಬಾರದು. ಆದರೆ ಇವು ಅಪರೂಪದ, ಕೆಲವೇ ಜನರ ಲೆಕ್ಕ. ದಮ್ಮಿಗೆ ಡಾಕ್ಟರ ಬದಲು ತಿಥಿ ನೋಡಿ ಅಂತ ಇವು ಹೇಳುವುದಿಲ್ಲ.

ಚಂದ್ರ ಜೀವಿಗಳನ್ನು ಮುಟ್ಟುವುದು ಬೆಳಕಿನಿಂದ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಹವಳದ ಜೀವಿಗಳು ವರ್ಷಕ್ಕೊಮ್ಮೆ, ಹುಣ್ಣಿಮೆ ಕಳೆದ ಕೆಲವೇ ರಾತ್ರಿಗಳಲ್ಲಿ, ಎಲ್ಲವೂ ಒಟ್ಟಿಗೆ ಮೊಟ್ಟೆ ಬಿಡುತ್ತವೆ. ಬೆಳದಿಂಗಳು ಅವುಗಳ ಗಡಿಯಾರ. ಕತ್ತಲಲ್ಲಿ ಬದುಕುವ ಜೀವಿಗಳಿಗೆ ಆ ಬೆಳಕು ದೊಡ್ಡದು. ನಮಗೆ ಈಗ ಬೀದಿದೀಪವೇ ಹುಣ್ಣಿಮೆಗಿಂತ ಹತ್ತಾರು ಪಟ್ಟು ಜಾಸ್ತಿ ಬೆಳಗುತ್ತದೆ.

ಮನುಷ್ಯನನ್ನು ಚಂದ್ರ ಮುಟ್ಟುವ ಇನ್ನೊಂದು ದಾರಿ ಇದೆ. ನಿಮ್ಮ ತಾಯಿಯ ದಮ್ಮಿಗೆ ನನಗೆ ಅನುಮಾನ ಇರುವುದು ಅದರ ಮೇಲೆ. ಅದು ಪಂಚಾಂಗ.

ಅಮಾವಾಸ್ಯೆ ಬಂತು ಅಂದರೆ ಮನೆಯಲ್ಲಿ ಏನೇನು ಆಗುತ್ತದೆ ನೆನಪು ಮಾಡಿಕೊಳ್ಳಿ. ಹಿಂದಿನ ದಿನವೇ ಜೇಡರ ಬಲೆ ತೆಗೆದು, ಅಟ್ಟ ಕೊಡವಿ, ಮನೆ ಗುಡಿಸಿ ಸಾರಿಸುತ್ತಾರೆ. ಆ ಧೂಳು ದಮ್ಮಿನವರ ದೊಡ್ಡ ಶತ್ರು. ಸಂಜೆ ಸಾಂಬ್ರಾಣಿ, ಲೋಬಾನ, ಕರ್ಪೂರ, ಊದುಬತ್ತಿ. ಅಂಗಡಿ, ವಾಹನ ಎಲ್ಲದಕ್ಕೂ ಪೂಜೆ, ಹೊಗೆ. ದೀಪಾವಳಿ ಬರುವುದು ಅಮಾವಾಸ್ಯೆಗೆ, ಪಟಾಕಿ ಹೊಗೆ ಊರು ತುಂಬುತ್ತದೆ. ಕಾಮಣ್ಣನನ್ನು ಸುಡುವುದು ಹುಣ್ಣಿಮೆಗೆ. ಇದರ ಮೇಲೆ ಉಪವಾಸ, ನಿದ್ದೆಗೆಟ್ಟ ಭಜನೆ, ಹೊತ್ತು ತಪ್ಪಿದ ಮಾತ್ರೆ. ಇನ್ನೂ ಒಂದಿದೆ, ‘ಇವತ್ತು ಅಮಾವಾಸ್ಯೆ, ಏನಾಗುತ್ತೋ’ ಎಂಬ ಭಯ. ಭಯಕ್ಕೆ ಉಸಿರು ಬಿಗಿಯುತ್ತದೆ. ದಮ್ಮಿದ್ದವರಿಗೆ ಅದು ಇನ್ನೂ ಜೋರು. ಹಾಗಾಗಿ ನಿಮ್ಮ ಮನೆಯವರು ಸುಳ್ಳು ಹೇಳುತ್ತಿದ್ದಾರೆ ಅಂತ ನಾನು ಅನ್ನುವುದಿಲ್ಲ. ಅವರು ಕಂಡದ್ದು ನಿಜವೇ ಇರಬಹುದು. ಕಾರಣ ಮಾತ್ರ ಆಕಾಶದಲ್ಲಿ ಇಲ್ಲ, ಅಟ್ಟದ ಧೂಳಿನಲ್ಲಿ, ಸಾಂಬ್ರಾಣಿ ತಟ್ಟೆಯಲ್ಲಿ ಇರಬಹುದು. ಇದು ಒಳ್ಳೆಯ ಸುದ್ದಿ. ಚಂದ್ರನನ್ನು ತಡೆಯಲು ಆಗುವುದಿಲ್ಲ. ಧೂಳು ಹೊಡೆಯುವ ಹೊತ್ತಿಗೆ ತಾಯಿಯನ್ನು ಪಕ್ಕದ ಮನೆಗೆ ಕಳಿಸಬಹುದು.

ಎಣಿಕೆಯಲ್ಲೂ ಎಚ್ಚರ ಬೇಕು. ‘ಅಮಾವಾಸ್ಯೆ ಹತ್ತಿರ’ ಅಂದರೆ ನಾವು ಸಾಮಾನ್ಯವಾಗಿ ಹಿಂದೆ ಎರಡು ದಿನ, ಮುಂದೆ ಎರಡು ದಿನ ಸೇರಿಸಿಕೊಳ್ಳುತ್ತೇವೆ. ಹುಣ್ಣಿಮೆಗೂ ಹಾಗೇ. ಅಲ್ಲಿಗೆ ತಿಂಗಳಲ್ಲಿ 10 ದಿನ ಆಯಿತು. ಚಂದ್ರನಿಗೆ ಏನೂ ಸಂಬಂಧ ಇಲ್ಲದ ಕಾಯಿಲೆಯೂ ಮೂರರಲ್ಲಿ ಒಂದು ಸಲ ಆ ದಿನಗಳಲ್ಲೇ ಬಂದು ಬೀಳುತ್ತದೆ. ಆ ಒಂದು ಸಲ ‘ನೋಡಿದ್ಯಾ, ನಾನು ಹೇಳಲಿಲ್ವಾ’ ಅಂತೇವೆ. ಉಳಿದ ಎರಡು ಸಲ ಕ್ಯಾಲೆಂಡರನ್ನು ಯಾರೂ ನೋಡುವುದಿಲ್ಲ.

ಕೆಲವು ಹಿರಿಯರು ಪುರುಷಸೂಕ್ತದ ‘ಚಂದ್ರಮಾ ಮನಸೋ ಜಾತಃ’ ಎಂಬ ಮಾತನ್ನು ಮುಂದಿಡುತ್ತಾರೆ. ಗೌರವದಿಂದಲೇ ಹೇಳುತ್ತೇನೆ, ಅಲ್ಲಿರುವುದು ಪುರುಷನ ಮನಸ್ಸಿನಿಂದ ಚಂದ್ರ ಹುಟ್ಟಿದ ಅಂತ. ಚಂದ್ರ ನಮ್ಮ ಮನಸ್ಸನ್ನು ಜಗ್ಗುತ್ತಾನೆ ಅಂತ ಆ ಸಾಲು ಹೇಳುವುದಿಲ್ಲ.

ಅಣ್ಣನ ಜೊತೆ ಇನ್ನು ವಾದ ಮಾಡಬೇಡಿ. ಇಬ್ಬರೂ ಸೇರಿ ಒಂದು ಕೆಲಸ ಮಾಡಿ. ಒಂದು ನೋಟ್‌ಬುಕ್ ತನ್ನಿ. ದಿನಾ ರಾತ್ರಿ ಮಲಗುವ ಮುಂಚೆ ತಾಯಿಯನ್ನು ಕೇಳಿ, ಇವತ್ತು ಉಸಿರಾಟ ಹೇಗಿತ್ತು ಅಂತ. ಚೆನ್ನಾಗಿದ್ದರೆ 0, ತೀರಾ ಕಷ್ಟ ಆಗಿದ್ದರೆ 5. ಇನ್‌ಹೇಲರ್ ಎಷ್ಟು ಸಲ ಎಳೆದರು, ರಾತ್ರಿ ಎಷ್ಟು ಸಲ ಎದ್ದರು ಬರೆಯಿರಿ. ಡಾಕ್ಟರ ಹತ್ತಿರ ಪೀಕ್ ಫ್ಲೋ ಮೀಟರ್ ಅಂತ ಒಂದು ಪುಟ್ಟ ಕೊಳವೆ ಸಿಗುತ್ತದೆ, ಊದಿದರೆ ಅಂಕಿ ತೋರಿಸುತ್ತದೆ. ಬೆಳಿಗ್ಗೆ ಸಂಜೆ ಅದನ್ನೂ ಬರೆಯಿರಿ. ಮನೆ ಕೊಡವಿದ್ದು, ಧೂಪ ಹಾಕಿದ್ದು, ಒಗ್ಗರಣೆ ಘಾಟು, ಮಳೆ, ಚಳಿ ಇವಕ್ಕೆ ಒಂದು ಕಾಲಂ ಇರಲಿ. ತಿಥಿ ಮಾತ್ರ ಬರೆಯಬೇಡಿ. ತಾಯಿಯ ಕಣ್ಣಿಗೆ ಬೀಳುವ ಗೋಡೆಯ ಪಂಚಾಂಗವನ್ನು ಸ್ವಲ್ಪ ದಿನ ಬೇರೆ ಕೋಣೆಗೆ ಹಾಕಿ. ತಪ್ಪಿಸದೆ ಆರು ತಿಂಗಳು ಬರೆಯಿರಿ, ಮಾತ್ರೆ ಮತ್ತು ಇನ್‌ಹೇಲರ್ ಡಾಕ್ಟರ್ ಹೇಳಿದ ಹಾಗೆ ನಡೆಯುತ್ತಿರಲಿ. ಆಮೇಲೆ ಪಂಚಾಂಗ ತೆಗೆದು, ಅಣ್ಣನ ಕೈಯಲ್ಲೇ ಅಮಾವಾಸ್ಯೆ, ಹುಣ್ಣಿಮೆಗಳಿಗೆ ಕೆಂಪು ಗುರುತು ಹಾಕಿಸಿ. ಧೂಪದ ಕಾಲಂಗೆ ನೀಲಿ ಗುರುತು ನೀವು ಹಾಕಿ. 4, 5 ಅಂಕಿಗಳು ಯಾವ ಗುರುತಿನ ಪಕ್ಕ ಜಾಸ್ತಿ ಇವೆ ನೋಡಿ. ಆ ಪುಸ್ತಕವನ್ನು ಮೊದಲು ಡಾಕ್ಟರಿಗೆ ತೋರಿಸಿ, ಅವರಿಗೆ ಅದರಿಂದ ತುಂಬಾ ಉಪಯೋಗ ಆಗುತ್ತದೆ. ಆಮೇಲೆ ಒಂದು ಪ್ರತಿ ನನಗೂ ಕಳಿಸಿ. ನನ್ನ ಹಳೆಯ ಗ್ರಾಫ್ ಹಾಳೆಗಳು ಇನ್ನೂ ಇವೆ, ಅದರ ಮೇಲೆ ಚುಕ್ಕಿ ಇಟ್ಟು ನೋಡುತ್ತೇನೆ.